ಪೋಸ್ಟಮಾಸ್ತರರ ಮಗ

ನಿವೃತ್ತನಾದವನಿಗೆ ಯಾವುದಾದರೊಂದು ಹುಚ್ಚು ಹಿಡಿಯಲೇಬೇಕೆಂದು ನಮ್ಮ ಕಡೆಗೆ ಒಂದು ನಂಬಿಕೆಯಿದೆ. ಕೆಲವರು ಹೋಮಿಯೋಪಥಿಯ ಗುಳಿಗೆ ಹಂಚುತ್ತಾರೆ. ಕೆಲವರು ಗುಲಾಬಿ ಬೆಳೆಸುತ್ತಾರೆ. ನನ್ನ ಜೊತೆಗೆ ಕೆಲಸ ಮಾಡಿದ ಒಬ್ಬರಂತೂ ಜ್ಯೋತಿಷ್ಯಕ್ಕೆ ಕೈಹಚ್ಚಿ, ಈಗ ಯಾವ ಬೀಗರ ಮನೆಗೂ ಹೋಗದಂತಾಗಿದ್ದಾರೆ. ನನಗೆ ಹಿಡಿದದ್ದು ಟಪಾಲು ಕಚೇರಿಯ ಹುಚ್ಚು. ಅದಾದರೂ ಎಂಥ ಕಚೇರಿ? ಲಕೋಟೆಯಿಲ್ಲ, ಅರಗಿಲ್ಲ, ಠಸ್ಸೆಯಿಲ್ಲ. ಮೇಜಿನ ಮೇಲಿನ ಹಳೆಯ ಕಂಪ್ಯೂಟರಿನ ಹೊಟ್ಟೆಯೊಳಗೆ ನಡೆಯುವ ಕಚೇರಿ.

ಧಾರವಾಡದಲ್ಲಿ 34 ವರ್ಷ ಗುಮಾಸ್ತಿಕೆ ಮಾಡಿ, ಬೆಳಗಾವಿ ಜಿಲ್ಲೆ ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿರುವ ನಮ್ಮ ಹಳೆಯ ಮನೆಗೆ ನಾವಿಬ್ಬರು ಮರಳಿ ಬಂದೆವು. ಈ ಮನೆಯ ಪಡಸಾಲೆಯಲ್ಲಿ ಒಂದು ಕಾಲಕ್ಕೆ ನಿಜವಾದ ಟಪಾಲು ಕಚೇರಿಯೇ ಇತ್ತು. ನಮ್ಮ ತಂದೆ ಶಾಲೆಯ ಮಾಸ್ತರರು. ಹಳ್ಳಿಯ ಶಾಖಾ ಕಚೇರಿಯನ್ನು ಊರಿನ ಮಾಸ್ತರನಿಗೋ ಅಂಗಡಿಕಾರನಿಗೋ ಒಪ್ಪಿಸಿ, ದಿನಕ್ಕೆ ಕೆಲವು ತಾಸಿನ ಕೆಲಸಕ್ಕೆ ಸಣ್ಣದೊಂದು ಸಂಭಾವನೆ ಕೊಡುವುದು ಆಗಿನ ಪದ್ಧತಿ. ರಾಮದುರ್ಗದಿಂದ ಬಸ್ಸಿನಲ್ಲಿ ಬಂದ ಚೀಲದ ಅರಗು ಒಡೆಯುವ ಹೊತ್ತಿಗೆ ನಾನು ಅವರ ಮಗ್ಗುಲಲ್ಲಿಯೇ ಕೂತಿರುತ್ತಿದ್ದೆ. ಅರಿಷಿಣ ಹಚ್ಚಿದ ಕಾಗದ ಬಂದರೆ ಅದನ್ನು ಒಯ್ದುಕೊಡುವ ಹಕ್ಕು ನನ್ನದು. ಆ ಮನೆಯಲ್ಲಿ ಬೆಲ್ಲದ ಚೂರು ಸಿಗುತ್ತಿತ್ತು. ಮೂಲೆ ಹರಿದ ಕಾರ್ಡು ಬಂದರೆ ಮಾತ್ರ ತಂದೆಯೇ ಟೊಪ್ಪಿಗೆ ಹಾಕಿಕೊಂಡು ಹೊರಡುತ್ತಿದ್ದರು. ಆ ಮನೆಯವರ ಊಟ ಮುಗಿದಿದೆಯೇ ಎಂಬುದನ್ನು ಹೊರಗಿನಿಂದ ಸಪ್ಪಳ ಕೇಳಿಯೇ ತಿಳಿದುಕೊಂಡು, ಮುಗಿಯದಿದ್ದರೆ ಕಟ್ಟೆಯ ಮೇಲೆ ಕೂತು ಕಾಯ್ದು, ಆಮೇಲೆ ಒಳಗೆ ಹೋಗುತ್ತಿದ್ದರು. ಕಾಯುತ್ತಿದ್ದರು, ನಿಜ, ಆದರೆ ನಾಳೆ ಕೊಟ್ಟರಾಯಿತೆಂದು ಅದನ್ನು ಕಿಸೆಯಲ್ಲಿಟ್ಟುಕೊಂಡು ಮರಳಿದ್ದನ್ನು ನಾನು ಕಾಣೆ.

ಒಮ್ಮೆ ಮುಂಬಯಿಯ ಠಸ್ಸೆಯಿದ್ದ ಲಕೋಟೆಯೊಂದು ಬಂತು. ವಿಳಾಸ ಇಷ್ಟೇ: ‘ನಮ್ಮ ಅವ್ವಗ, ಸಾಲಹಳ್ಳಿ, ತಾ. ರಾಮದುರ್ಗ.’ 1972ರ ಆಗಸ್ಟ್ 15ರಂದು ಪಿನ್ ಸಂಖ್ಯೆ ಜಾರಿಗೆ ಬಂದು ಒಂದೆರಡು ವರ್ಷವಾಗಿತ್ತು. ಪುಣ್ಯಾತ್ಮ ಆ ಆರು ಅಂಕಿಗಳನ್ನು ತಪ್ಪಿಲ್ಲದೆ ಬರೆದಿದ್ದ. ಅವ್ವನ ಹೆಸರನ್ನು ಮಾತ್ರ ಮರೆತಿದ್ದ! ಒಡೆದು ನೋಡಿದ್ದರೆ ಒಂದು ನಿಮಿಷದ ಕೆಲಸ. ತಂದೆ ಒಡೆಯಲಿಲ್ಲ. ಮುಂಬಯಿಯಲ್ಲಿ ಮಗನಿದ್ದ ಮನೆಗಳನ್ನೆಲ್ಲ ಒಂದೊಂದಾಗಿ ತಿರುಗಿದರು. ನಾಲ್ಕನೆಯ ದಿನ ಒಬ್ಬ ಮುದುಕಿ ಅಕ್ಷರದ ಗುರುತು ಹಿಡಿದಳು. ಆಕೆಗೆ ಓದಲು ಬರುತ್ತಿರಲಿಲ್ಲ; “ನನ್ನ ಮಗ ಹಿಂಗ ಬಾಲಾ ಎಳೀತಾನ್ರೀ ಮಾಸ್ತರ” ಎಂದು ‘ವ’ಕಾರದ ಮೇಲೆ ಬೆರಳಿಟ್ಟಳಂತೆ. ಆ ರಾತ್ರಿ ಊಟಕ್ಕೆ ಕೂತಾಗ ತಂದೆ ನನಗೆ ಹೇಳಿದರು: “ಕಾಗದಾ ಒಮ್ಮೆ ಕೈಯಾಗ ಹಿಡದಿ ಅಂದ್ರ ಎರಡ ಹಾದಿ, ತಮ್ಮಾ. ಮುಟ್ಟಸಬೇಕು, ಇಲ್ಲಾ, ಯಾಕ ಮುಟ್ಟಲಿಲ್ಲಂತ ಬರದು ಕಳಿಸಿದಾಂವಗ ತಿರುಗಿ ಹಚ್ಚಬೇಕು. ಮೂರನೇ ಹಾದಿ ಇಲ್ಲ.”

ಇರಲಿ, ಕಂಪ್ಯೂಟರಿನ ಮಾತಿಗೆ ಬರುತ್ತೇನೆ.

ಬೆಂಗಳೂರಿನಲ್ಲಿ ಕಂಪ್ಯೂಟರಿನದೇ ಉದ್ಯೋಗ ಮಾಡುವ ನನ್ನ ಅಣ್ಣನ ಮಗ ಹೊಸ ಯಂತ್ರ ಕೊಂಡಾಗ ಹಳೆಯದನ್ನು ನಮಗೆ ತಂದುಕೊಟ್ಟ. ಅದರಲ್ಲಿ ಲಿನಕ್ಸ್ ಹಾಕಿದ್ದ. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಆರಂಭಿಸಿ, ಆಮೇಲೆ ಲೋಕದ ಸಾವಿರಾರು ಕೈಗಳು ಸೇರಿ ಬೆಳೆಸಿದ ವ್ಯವಸ್ಥೆ ಅದು. ದುಡ್ಡು ಕೊಡಬೇಕಾಗಿಲ್ಲ, ಆದರೆ ತಾಳ್ಮೆಯ ರೂಪದಲ್ಲಿ ಅದು ತನ್ನ ಬೆಲೆಯನ್ನು ಬಡ್ಡಿಸಹಿತ ವಸೂಲು ಮಾಡಿಕೊಳ್ಳುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಬಂದಾಗ ನೆಟ್‌ವರ್ಕು ಇರುವುದಿಲ್ಲ. ನೆಟ್‌ವರ್ಕು ಬಂದಾಗ ಕರೆಂಟು ಇರುವುದಿಲ್ಲ. ಎರಡೂ ಇದ್ದಾಗ ನನ್ನ ಕನ್ನಡಕ ಇರುವುದಿಲ್ಲ. ಆದ್ದರಿಂದ, ಎರಡೂ ಇದ್ದ ಗಳಿಗೆಯಲ್ಲಿ ನಮ್ಮ ಇ-ಮೇಲು ಕಾಗದಗಳೆಲ್ಲ ತಾವಾಗಿ ಮನೆಗೆ ಬಂದು, ನನ್ನದು ನನಗೆ, ಹೆಂಡತಿಯದು ಅವಳಿಗೆ, ಬ್ಯಾಂಕಿನದು ಬೇರೆ, ಪೆನ್ಶನ್ನಿನದು ಬೇರೆ ಎಂದು ವಿಂಗಡವಾಗಿ ಬಿದ್ದಿರಬೇಕು. ನಾವು ಪುರುಸೊತ್ತಿನಲ್ಲಿ ಓದಿಕೊಳ್ಳಬೇಕು. ನನ್ನ ಆಸೆ ಇಷ್ಟೇ. ಅಣ್ಣನ ಮಗ ನಕ್ಕ. “ಕಾಕಾ, ಇದಕ್ಕ ಫೋನಿನಾಗ ಎರಡ ಸಲ ಒತ್ತಿದ್ರ ಸಾಕಾಗತೈತಿ. ನೀವು ಮನ್ಯಾಗ ಹೆಡ್ ಪೋಸ್ಟಾಫೀಸ ಕಟ್ಟಲಿಕ್ಕೆ ಹೊಂಟೀರಿ” ಎಂದ. ಪೋಸ್ಟಮಾಸ್ತರರ ಮಗನಿಗೆ ಅದು ಬೈಗುಳವಾಗಿ ಕೇಳಿಸಲಿಲ್ಲ.

ಆರಿಸಿಕೊಂಡದ್ದು ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶ. ಅದಕ್ಕಿಂತ ಮೊದಲು ಈ ಲೋಕವನ್ನು ಆಳುತ್ತಿದ್ದದ್ದು ಅಮೆರಿಕದ ಬರ್ಕ್ಲಿಯಲ್ಲಿ ಎರಿಕ್ ಆಲ್‌ಮನ್ ಬರೆದ ಸೆಂಡ್‌ಮೇಲ್. ಅದರ ನಿಯಮಗಳ ಫೈಲನ್ನು ತಿದ್ದುವುದೆಂದರೆ ಬಲ್ಲವರೂ ಕೈಮುಗಿದು ದೂರ ನಿಲ್ಲುತ್ತಿದ್ದರಂತೆ. ಡಚ್ಚರ ವೀತ್ಸೆ ವೆನೆಮಾ ಎಂಬ ವಿದ್ವಾಂಸರು ಐಬಿಎಮ್ ಸಂಸ್ಥೆಯಲ್ಲಿದ್ದಾಗ ಅದಕ್ಕೆ ಬದಲಾಗಿ ಒಂದನ್ನು ರಚಿಸಿ 1998ರಲ್ಲಿ ಲೋಕಕ್ಕೆ ಬಿಟ್ಟರು, ಅದೇ ಪೋಸ್ಟ್‌ಫಿಕ್ಸ್. ಒಬ್ಬನೇ ಎಲ್ಲ ಕೆಲಸ ಮಾಡುವ ಬದಲು, ಚೀಲ ಇಳಿಸಿಕೊಳ್ಳುವವನೊಬ್ಬ, ವಿಂಗಡಿಸುವವನೊಬ್ಬ, ಹಂಚುವವನೊಬ್ಬ, ಮರಳಿಸುವವನೊಬ್ಬ ಎಂದು ಕೆಲಸವನ್ನು ಹಲವು ಸಣ್ಣ ಕಾರಕೂನರಿಗೆ ಹಂಚಿಕೊಟ್ಟದ್ದು ಅದರ ಹೆಚ್ಚುಗಾರಿಕೆ. ಒಬ್ಬ ಕೆಟ್ಟರೆ ಇಡೀ ಕಚೇರಿ ಕೆಡುವುದಿಲ್ಲ. ನಾನು ಗುಮಾಸ್ತಿಕೆ ಮಾಡಿದ ಕಚೇರಿಯಲ್ಲಿ ಈ ತತ್ವ ಇದ್ದಿದ್ದರೆ! ಹೋಗಲಿ, ಅದು ಬೇರೆ ಕಥೆ.

ಒಂದೇ ಸಾಲಿನ ಆಜ್ಞೆ ಕೊಟ್ಟೆ. ಯಂತ್ರ ತಾನೇ ಅದನ್ನು ತರಿಸಿಕೊಂಡಿತು. ಆಮೇಲೆ ನೀಲಿ ಪರದೆಯೊಂದನ್ನು ಮುಂದಿಟ್ಟು, ನಿನಗೆ ಎಂಥ ಟಪಾಲು ಕಚೇರಿ ಬೇಕು ಎಂದು ಕೇಳಿತು. ಐದು ಉತ್ತರಗಳು. ಸಧ್ಯ ಏನೂ ಬೇಡ, ನೇರವಾಗಿ ಲೋಕದೊಡನೆ ವ್ಯವಹರಿಸುವ ಕಚೇರಿ, ಕಾಗದ ತರಿಸಿಕೊಂಡು ಇಲ್ಲಿಯೇ ಹಂಚಿ, ಹೊರಗೆ ಹೋಗುವುದನ್ನು ಮಾತ್ರ ದೊಡ್ಡ ಕಚೇರಿಯ ಮೂಲಕ ಕಳಿಸುವ ಕಚೇರಿ, ಸ್ಯಾಟಲೈಟ್ ಕಚೇರಿ, ಮನೆಯೊಳಗಿನವರಿಗಷ್ಟೇ ಮೀಸಲಾದ ಕಚೇರಿ. ‘ಸ್ಯಾಟಲೈಟ್’ ಎಂಬುದನ್ನು ಕಂಡು ನನ್ನ ಎದೆ ಉಬ್ಬಿತು. ಇಸ್ರೋದವರ ಉಪಗ್ರಹದೊಡನೆ ಸಾಲಹಳ್ಳಿಯ ಸಂಬಂಧ ಬೆಳೆಯುವುದಾದರೆ ಯಾರು ಬೇಡವೆನ್ನುತ್ತಾರೆ? ಅದನ್ನೇ ಒತ್ತಿದೆ. ನಂತರ ಪರೀಕ್ಷೆಗೆಂದು ಅಡುಗೆಮನೆಯಲ್ಲಿದ್ದ ಹೆಂಡತಿಗೆ ‘ಚಹಾ ಆಯಿತೇ?’ ಎಂದು ಒಂದು ಕಾಗದ ಬರೆದೆ. ಅದು ಅಡುಗೆಮನೆಗೆ ಹೋಗಲಿಲ್ಲ. ಆ ಬಗೆಯ ಕಚೇರಿ ಏನನ್ನೂ ತಾನು ಹಂಚುವುದಿಲ್ಲವಂತೆ. ಬಂದದ್ದನ್ನೆಲ್ಲ ದೊಡ್ಡ ಕಚೇರಿಗೆ ಸಾಗಹಾಕುತ್ತದಂತೆ. ಅಲ್ಲಿ ನನ್ನ ಹೆಂಡತಿಯ ಗುರುತು ಯಾರಿಗಿದೆ? ಕಾಗದ ಕಾರಣಸಹಿತವಾಗಿ ತಿರುಗಿ ಬಂತು. ತಂದವನ ಹೆಸರು ‘ಮೇಲರ್ ಡೀಮನ್’. ಚಹಾ ಮಾತ್ರ ಅಷ್ಟರಲ್ಲಿ ಆರಿತ್ತು.

ಎರಡನೆಯ ಸಲಕ್ಕೆ ಬುದ್ಧಿ ಬಂತು. ನಮ್ಮಂಥ ಮನೆಯ ಸಂಪರ್ಕಕ್ಕೆ ಕಾಯಂ ವಿಳಾಸವಿರುವುದಿಲ್ಲ. ಇಂದು ಒಂದು ಅಂಕಿ, ನಾಳೆ ಇನ್ನೊಂದು. ದಿನಕ್ಕೊಂದು ಮನೆ ನಂಬರು ಬದಲಿಸುವವನಿಗೆ ಪೋಸ್ಟಮನ್ನು ಕಾಗದ ಕೊಡುವುದು ಹೇಗೆ? ಆದಕಾರಣ ನಮ್ಮ ಕಾಗದಗಳು ಹೊರಗಿನ ದೊಡ್ಡ ಕಂಪನಿಯ ಪೆಟ್ಟಿಗೆಯಲ್ಲಿ ಬಿದ್ದಿರಬೇಕು. ಇಲ್ಲಿಂದ ಒಬ್ಬ ಹೋಗಿ ಚೀಲ ಹೊತ್ತು ತರಬೇಕು. ಹಾಗೆ ತರುವವನು ಫೆಚ್‌ಮೇಲ್; 1996ರ ಸುಮಾರಿಗೆ ಎರಿಕ್ ರೇಮಂಡ್ ಎಂಬವರು ಸಿದ್ಧಪಡಿಸಿದ್ದು. ತಂದದ್ದನ್ನು ಅವನು ಪೋಸ್ಟ್‌ಫಿಕ್ಸಿನ ಕೈಗೆ ಕೊಡುತ್ತಾನೆ. ಪೋಸ್ಟ್‌ಫಿಕ್ಸು ವಿಂಗಡಿಸಲೆಂದು ಪ್ರೊಕ್‌ಮೇಲ್ ಎಂಬ ಕಡೆಯ ಹಂಚುಗಾರನಿಗೆ ಕೊಡುತ್ತದೆ. ಇವೆಲ್ಲವನ್ನೂ ಒಂದಕ್ಕೊಂದು ಗಂಟು ಹಾಕುವಷ್ಟರಲ್ಲಿ ಹನ್ನೊಂದು ದಿನಗಳಾದುವು. ಕಚೇರಿಗೆ ಇಡುವ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕೆಂದು ಯಂತ್ರ ಹಟ ಹಿಡಿಯಿತು. ಅಕ್ಷರ ಯಾವುದಾದರೇನು, ಹೆಸರು ಸಾಲಹಳ್ಳಿ ಎಂದೇ ಇಟ್ಟೆ.

ವಿವರವಾಗಿ ಮತ್ತೊಮ್ಮೆ ಎಲ್ಲವನ್ನೂ ಕೇಳು ಎಂದು ಅಪ್ಪಣೆ ಮಾಡಿದಾಗ ಒಂದು ಪ್ರಶ್ನೆ ಬಂತು: ಈ ಕಚೇರಿಯ ಪೋಸ್ಟಮಾಸ್ತರನ ಹೆಸರಿಗೆ ಬರುವ ಕಾಗದಗಳನ್ನು ಯಾರಿಗೆ ಕೊಡಬೇಕು? ಲೋಕದಲ್ಲಿ ಇ-ಮೇಲು ಸ್ವೀಕರಿಸುವ ಪ್ರತಿಯೊಂದು ಕಚೇರಿಯೂ ಪೋಸ್ಟಮಾಸ್ತರ್ ಎಂಬ ಹೆಸರಿಗೆ ಬಂದದ್ದನ್ನು ಒಪ್ಪಿಕೊಳ್ಳಲೇಬೇಕೆಂಬುದು ನಿಯಮ. ಏನಾದರೂ ತಪ್ಪು ನಡೆದರೆ ದೂರಿಕೊಳ್ಳಲು ಒಬ್ಬ ಮನುಷ್ಯ ಇರಬೇಕಲ್ಲವೇ? ನಾನು ನನ್ನ ಹೆಸರು ಬರೆದೆ. ಯಂತ್ರವಿದ್ದದ್ದು ಅದೇ ಪಡಸಾಲೆಯಲ್ಲಿ. ತಂದೆಯ ಪೆಟ್ಟಿಗೆಯಿದ್ದ ಜಾಗದಲ್ಲಿಯೇ. ಅಂದು ರಾತ್ರಿ ಹೆಂಡತಿಗೆ ಇದನ್ನು ಹೇಳಿದಾಗ “ಪಗಾರ ಎಷ್ಟಂತ?” ಎಂದು ಕೇಳಿದಳು.

ಈ ಯಂತ್ರಗಳು ಪರಸ್ಪರ ಮಾತನಾಡುವ ಬಗೆಯನ್ನು ಓದುಗರಿಗೆ ಹೇಳಲೇಬೇಕು. ಮಾತಿನ ವ್ಯಾಕರಣವನ್ನು 1982ರಲ್ಲಿ ಜಾನ್ ಪೋಸ್ಟೆಲ್ ಎಂಬವರು ಬರೆದಿಟ್ಟರು. ಅಂಚೆಯ ನಿಯಮ ಬರೆದವರ ಹೆಸರಿನಲ್ಲಿಯೇ ಪೋಸ್ಟು ಇರುವುದು ಕಾಕತಾಳೀಯ. ಕಾಗದ ತಂದವನು ಮೊದಲು ನಮಸ್ಕಾರ ಹೇಳುತ್ತಾನೆ, ಯಾರಿಂದ, ಯಾರಿಗೆ ಎಂದು ತಿಳಿಸುತ್ತಾನೆ, ಕಾಗದವನ್ನು ಮುಂದಿಡುತ್ತಾನೆ. ಪಡೆಯುವವನು ಮೂರಂಕಿಯಲ್ಲಿ ಉತ್ತರ ಕೊಡುತ್ತಾನೆ. ಐದರಿಂದ ಆರಂಭವಾದರೆ ಖಡಾಖಂಡಿತ ಇಲ್ಲವೆಂದು ಅರ್ಥ: ಅಂಥ ಆಸಾಮಿ ಇಲ್ಲಿಲ್ಲ, ತಿರುಗಿ ಒಯ್ಯಿ. ನಾಲ್ಕರಿಂದ ಆರಂಭವಾದರೆ, ನಮ್ಮ ಹಳ್ಳಿಗಳ ಬಾಗಿಲ ಮೇಲೆ ಬರೆಯುತ್ತಿದ್ದರಲ್ಲ, ಹಾಗೆ ‘ನಾಳೆ ಬಾ’ ಎಂದು. ಪೋಸ್ಟ್‌ಫಿಕ್ಸು ಇದನ್ನು ಕೇಳಿ ಬೇಸರಿಸುವುದಿಲ್ಲ. ಮೊದಮೊದಲು ಐದೈದು ನಿಮಿಷಕ್ಕೆ, ಆಮೇಲೆ ಒಂದು ತಾಸಿಗಿಂತ ತುಸು ಹೆಚ್ಚು ಬಿಡುವು ಕೊಟ್ಟು, ನಾವು ಬೇರೆ ಹೇಳದಿದ್ದರೆ ಐದು ದಿನಗಳ ತನಕ ಬಾಗಿಲು ತಟ್ಟುತ್ತಿರುತ್ತದೆ. ಕೊನೆಗೂ ತೆರೆಯದಿದ್ದರೆ ಕಾರಣ ಬರೆದು ಕಳಿಸಿದವನಿಗೆ ಮರಳಿಸುತ್ತದೆ.

ಇನ್ನು 250 ಎಂಬ ಉತ್ತರ. ಒಪ್ಪಿಕೊಂಡೆ ಎಂದು ಅದರ ಅರ್ಥ. ಸಣ್ಣ ಮಾತಲ್ಲ. ಅದನ್ನು ಅಂದ ಗಳಿಗೆಗೆ ಕಾಗದದ ಹೊಣೆ ಕೊಟ್ಟವನಿಂದ ಪಡೆದವನಿಗೆ ದಾಟುತ್ತದೆ. ಕೊಟ್ಟವನು ತನ್ನ ಪ್ರತಿಯನ್ನು ಅಳಿಸಿಹಾಕಬಹುದು. ಆದ್ದರಿಂದಲೇ ಪೋಸ್ಟ್‌ಫಿಕ್ಸು ಕಾಗದವನ್ನು ಮೊದಲು ಡಿಸ್ಕಿನ ಮೇಲೆ ಭದ್ರವಾಗಿ ಬರೆದುಕೊಂಡು, ನಂತರವಷ್ಟೇ 250 ಎನ್ನುತ್ತದೆ. ಮರುಗಳಿಗೆಯಲ್ಲಿ ಕರೆಂಟು ಹೋದರೂ ಕಾಗದ ಉಳಿಯಬೇಕು. ಒಪ್ಪಿಕೊಂಡ ಮೇಲೆ ಯಂತ್ರ ನಿಂತುಹೋಯಿತೆಂಬಂಥ ಕ್ಷುಲ್ಲಕ ಕಾರಣಕ್ಕೆ ಕಾಗದವನ್ನು ಕಳೆಯಕೂಡದೆಂದು 2008ರ ಪರಿಷ್ಕೃತ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. ಮುಟ್ಟಿಸು, ಇಲ್ಲವೇ ಮರಳಿಸು. ಅದನ್ನು ಓದಿದಾಗ ನನಗೆ ನಮ್ಮ ಪಡಸಾಲೆಯ ರಾತ್ರಿಯೂಟ ನೆನಪಾಯಿತು. ನೆನಪಾದದ್ದು ನಡತೆಗೆ ಬರಬೇಕೆಂಬ ನಿಯಮವೇನೂ ಇಲ್ಲವಷ್ಟೇ!

ಒಂದು ತಿಂಗಳು ಎಲ್ಲವೂ ಸುರಳೀತ ನಡೆಯಿತು. ಆದರೆ ಕಾಗದಗಳ ಜೊತೆಗೆ ಕಸವೂ ಬರತೊಡಗಿತು. ಸಾಲ ಬೇಕೇ, ಕೂದಲು ಬೇಕೇ, ಲಾಟರಿ ಹತ್ತಿದೆ, ವಿದೇಶದ ವಿಧವೆಯೊಬ್ಬಳು ತನ್ನ ಕೋಟಿಗಳನ್ನು ನನಗೇ ಬಿಟ್ಟುಹೋಗಿದ್ದಾಳೆ. ದಿನಕ್ಕೆ ಮೂವತ್ತು, ನಲವತ್ತು. ಪೋಸ್ಟಮಾಸ್ತರನ ಅಧಿಕಾರ ನನ್ನ ತಲೆಗೇರಿತು. ನನ್ನ ಹಳೆಯ ವಹಿಯಿಂದ 31 ಪರಿಚಿತರ ವಿಳಾಸಗಳನ್ನು ಆರಿಸಿ ಬರೆದು, ಇವರನ್ನುಳಿದು ಮಿಕ್ಕವರ ಕಾಗದವನ್ನೆಲ್ಲ ‘ನಲ್’ಗೆ ಹಾಕು ಎಂದು ಪ್ರೊಕ್‌ಮೇಲಿಗೆ ನಿಯಮ ಮಾಡಿದೆ. ನಲ್ ಎಂಬುದು ಈ ಯಂತ್ರಗಳಲ್ಲಿರುವ ತಳವಿಲ್ಲದ ಹಾಳುಬಾವಿ. ಅದರಲ್ಲಿ ಏನು ಬಿದ್ದರೂ ಸಪ್ಪಳವಾಗುವುದಿಲ್ಲ, ಎತ್ತಲೂ ಬರುವುದಿಲ್ಲ. “ಒಗೀಬ್ಯಾಡ್ರಿ ಕಾಕಾ, ಬ್ಯಾರೆ ಡಬ್ಬ್ಯಾಗ ಹಾಕಿ ಇಡ್ರಿ” ಎಂದು ಅಣ್ಣನ ಮಗ ಹೇಳಿದ್ದುಂಟು. ಕಸವನ್ನು ಡಬ್ಬಿಯಲ್ಲಿಟ್ಟು ಪೂಜೆ ಮಾಡಲೇ ಎಂದು ನಾನು ತಿರುಗಿ ಕೇಳಿದ್ದೂ ಉಂಟು. ಮರುದಿನದಿಂದ ಪಡಸಾಲೆ ಸ್ವಚ್ಛವಾಯಿತು. ದಿನಕ್ಕೆ ಎರಡೋ ಮೂರೋ ಕಾಗದ. ಎಷ್ಟು ಸುಖ!

ಸೊಲ್ಲಾಪುರದಲ್ಲಿ ನನ್ನ ಗೆಳೆಯನೊಬ್ಬನಿದ್ದ. ಸಾಲಹಳ್ಳಿಯ ಶಾಲೆಯಲ್ಲಿ ಒಂದೇ ಪಾಟಿಯ ಮೇಲೆ ಇಬ್ಬರೂ ಬರೆದವರು. ಅವನ ವಿಳಾಸ ನನ್ನ 31ರಲ್ಲಿ ಮೊದಲನೆಯದು. ಹದಿನೈದು ದಿನಕ್ಕೊಮ್ಮೆ ತಪ್ಪದೆ ಬರೆಯುತ್ತಿದ್ದವನು ಒಮ್ಮೆ ಸುಮ್ಮನಾದ. ಕೊನೆಯ ಕಾಗದ ನನ್ನದಾಗಿತ್ತು. ಈ ಸಲ ಅವನೇ ಬರೆಯಲಿ ಎಂದು ನಾನೂ ಬಿಗಿದುಕೊಂಡು ಕೂತೆ. ಮೂರು ವಾರಗಳಾದ ಮೇಲೆ ಧಾರವಾಡದಿಂದ ಪರಿಚಿತರೊಬ್ಬರು ಮತ್ತೇನೋ ಕೆಲಸಕ್ಕೆ ಫೋನು ಮಾಡಿ, ಮಾತಿನ ನಡುವೆ, ಅವನು ತೀರಿಹೋದನಂತಲ್ಲ ಎಂದರು. ಅವರಿಂದ ನಂಬರು ಪಡೆದು ಅವನ ಮಗನಿಗೆ ಫೋನು ಹಚ್ಚಿದೆ. ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಕಾಕಾ, ನಿಮ್ಮ ಹಳೇ ನಂಬರು ಹತ್ತಲಿಲ್ಲರಿ. ಅಪ್ಪನ ವಹಿಯೊಳಗ ನಿಮ್ಮ ಇ-ಮೇಲು ಸಿಕ್ಕಿತು. ದವಾಖಾನಿಯಿಂದನ ಕಾಗದಾ ಹಾಕಿದ್ದೆ. ಮುಟ್ಟಲಿಲ್ಲೇನ್ರಿ?” ಎಂದ.

“ಇಲ್ಲಪ್ಪಾ, ಮುಟ್ಟಲಿಲ್ಲ” ಎಂದೆ. ಆ ಹೊತ್ತಿಗೆ ಅದು ನನಗೆ ತಿಳಿದ ನಿಜವೇ ಆಗಿತ್ತು.

ಫೋನು ಇಟ್ಟವನು ಯಂತ್ರದ ಮುಂದೆ ಕೂತೆ. ಮೊದಲು ಪೋಸ್ಟ್‌ಫಿಕ್ಸಿನ ದಫ್ತರ ತೆಗೆದೆ. ಹುಡುಗನ ವಿಳಾಸದಿಂದ ಆ ತಾರೀಖಿಗೆ ಒಂದು ಕಾಗದ ಬಂದಿದೆ. ಪ್ರೊಕ್‌ಮೇಲಿನ ಕೈಗೆ ಕೊಡಲಾಗಿದೆ. ಕಳಿಸಲಾಯಿತು ಎಂದು ಷರಾ ಇದೆ. ಅದರ ಮಟ್ಟಿಗೆ ಹಂಚಿಕೆ ಮುಗಿದಿತ್ತು. ನಂತರ ಪ್ರೊಕ್‌ಮೇಲಿನ ದಫ್ತರ. ಪುಸ್ತಕದಲ್ಲಿದ್ದ ಮಾದರಿ ನೋಡಿ, ಏಕೆ ಏನು ತಿಳಿಯದೆಯೇ ನಾನು ಅದನ್ನು ಇಡಿಸಿದ್ದೆ. ಅಲ್ಲಿ ಮೂರು ಸಾಲು. ಮೊದಲನೆಯದರಲ್ಲಿ ಹುಡುಗನ ವಿಳಾಸ, ತಾರೀಖು, ವೇಳೆ: ರಾತ್ರಿ 9 ಗಂಟೆ 42 ನಿಮಿಷ. ಮೂರನೆಯದರಲ್ಲಿ ಎಲ್ಲಿ ಇಡಲಾಯಿತು ಎಂಬುದು: ನಲ್, ಅದರ ಮುಂದೆ ಕಾಗದದ ತೂಕ, 2,614 ಬೈಟು. ನಡುವಿನ ಸಾಲಿನಲ್ಲಿ ಕಾಗದದ ವಿಷಯ. ಆದರೆ ಅದು ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಸರಮಾಲೆ. ವಿಷಯದ ಸಾಲನ್ನು ಕನ್ನಡದಲ್ಲಿ ಬರೆದರೆ ಹಾದಿಯಲ್ಲಿ ಕೆಡದಿರಲೆಂದು ಅದನ್ನು ಹೀಗೆ ಸಂಕೇತಕ್ಕೆ ತಿರುಗಿಸಿ ಕಳಿಸುವ ರೂಢಿಯಿದೆ. ಅದರ ಫೋಟೋ ಹಿಡಿದು ಬೆಂಗಳೂರಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಅಣ್ಣನ ಮಗನ ಉತ್ತರ ಬಂತು: “ಅರ್ಧಾ ಐತ್ರಿ ಕಾಕಾ. ‘ಅಪ್ಪ ನಿಮ್ಮನ್ನ’ ಅಂತ ಐತಿ. ಮುಂದಿಂದು ಕತ್ತರಿಸೈತಿ.” ದಫ್ತರದಲ್ಲಿ ವಿಷಯಕ್ಕೆ ಇರುವ ಜಾಗ ಅಷ್ಟೇ.

ಫೆಚ್‌ಮೇಲಿಗೆ ಬೇರೆ ಹೇಳದಿದ್ದರೆ, ಇಲ್ಲಿಂದ 250 ಎಂಬ ಉತ್ತರ ಸಿಕ್ಕೊಡನೆ ಅದು ದೊಡ್ಡ ಕಚೇರಿಯಲ್ಲಿಯ ಪ್ರತಿಯನ್ನು ಅಳಿಸಿಬಿಡುತ್ತದೆ. ನಾನು ಬೇರೆ ಹೇಳಿರಲಿಲ್ಲ. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಹಾದಿಯಲ್ಲಿದ್ದ ಯಾರೊಬ್ಬರೂ ತಪ್ಪಿರಲಿಲ್ಲ. ಮಳೆಯಿತ್ತು, ಕರೆಂಟು ಎರಡು ಸಲ ಹೋಗಿಬಂದಿತ್ತು. ಆದರೂ ಕಾಗದ ಸೊಲ್ಲಾಪುರದ ದವಾಖಾನೆಯಿಂದ ನಮ್ಮ ಪಡಸಾಲೆಯ ತನಕ, ನನ್ನ ತಂದೆಯ ಪೆಟ್ಟಿಗೆಯಿದ್ದ ಜಾಗದ ತನಕ, ಒಂದು ಅಕ್ಷರ ಕೆಡದೆ ಬಂದಿತ್ತು. ನಾನು ಒಪ್ಪಿಕೊಂಡೆನೆಂದು ಹೇಳಿ ಬಾವಿಗೆ ಹಾಕಿದ್ದೆ. ಮರಳಿಸಿದ್ದರೂ ಹುಡುಗ ಮತ್ತೊಂದು ದಾರಿ ಹುಡುಕುತ್ತಿದ್ದ. ಮೂರನೆಯ ಹಾದಿಯನ್ನು ನಾನೇ ಕಡಿದು ಮಾಡಿದ್ದೆ.

ಆ ರಾತ್ರಿಯೇ ನಿಯಮ ಬದಲಿಸಿದೆ. ಈಗ ನಮ್ಮಲ್ಲಿ ‘ಗುರುತಿಲ್ಲದವರು’ ಎಂದು ಒಂದು ಪೆಟ್ಟಿಗೆಯಿದೆ. ಅದಕ್ಕೆ ದಿನಾಲು ನಲವತ್ತು ಬಿದ್ದರೆ ನಲವತ್ತನ್ನೂ ನೋಡುತ್ತೇನೆ. ವಿದೇಶದ ವಿಧವೆಯರು ನನ್ನನ್ನು ಇನ್ನೂ ಮರೆತಿಲ್ಲ. ಹೊರಗಿನ ಪ್ರತಿಯನ್ನು ಅಳಿಸಬೇಡವೆಂದು ಫೆಚ್‌ಮೇಲಿಗೂ ಹೇಳಿದ್ದೇನೆ.

ಹುಡುಗನಿಗೆ ಸುಳ್ಳು ಹೇಳಿದಂತಾಗಿತ್ತಲ್ಲ, ಅದು ಎರಡು ದಿನ ಕಾಡಿತು. ಫೋನಿನಲ್ಲಿ ಹೇಳುವ ಧೈರ್ಯವಾಗಲಿಲ್ಲ. ರಾಮದುರ್ಗಕ್ಕೆ ಹೋದಾಗ ಒಂದು ಇನ್‌ಲೆಂಡ್ ಪತ್ರ ಕೊಂಡು, ನಡೆದದ್ದನ್ನೆಲ್ಲ ನಡೆದಂತೆ ಬರೆದೆ. ಕಾಗದ ಮುಟ್ಟಿತ್ತು, ಕಳೆದವನು ನಾನು; ನಿನ್ನ ಬಳಿ ಪ್ರತಿ ಇದ್ದರೆ ಮತ್ತೊಮ್ಮೆ ಕಳಿಸು; ಇಷ್ಟವಿಲ್ಲದಿದ್ದರೆ ಬಿಡು ಎಂದೆ. ಆರು ದಿನಕ್ಕೆ ಅವನ ಕಾಗದ ಯಂತ್ರಕ್ಕೆ ಬಂತು. ತನ್ನ ಮಾತು ಒಂದನ್ನೂ ಸೇರಿಸದೆ, ಹಳೆಯದನ್ನೇ ಹಾಗೆಯೇ ಮುಂದೆ ಸಾಗಿಸಿದ್ದ. ಏಳೇ ಸಾಲು. ಅಪ್ಪ ನಿಮ್ಮನ್ನ ಬಹಳ ನೆನಸ್ತಾನ. ಡಾಕ್ಟರು ಏನೂ ಹೇಳವಲ್ಲರು. ಆದರೆ ಒಮ್ಮೆ ಬಂದು ಹೋಗ್ರಿ. ಬರುವಾಗ ಕಾಕು ಬಡಿದ ಜೋಳದ ಕಟಿ ರೊಟ್ಟಿ ನಾಲ್ಕು ತರಬೇಕಂತ. ಇಲ್ಲಿಯವು ಅವನಿಗೆ ಸೇರುವುದಿಲ್ಲ.

ಹೆಂಡತಿಯನ್ನು ಕರೆದು ಓದಿಸಿದೆ. ಅವಳು ಎರಡು ಸಲ ಓದಿದಳು. ಏನೂ ಅನ್ನದೆ ಒಳಗೆ ಹೋಗಿ ಹಿಟ್ಟಿನ ಡಬ್ಬಿ ತೆಗೆದಳು. ಮರುದಿನ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟೆವು. ಸೊಲ್ಲಾಪುರ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಹುಡುಗ ಬಾಗಿಲಲ್ಲಿಯೇ ನಿಂತಿದ್ದ. ರೊಟ್ಟಿಯ ಗಂಟನ್ನು ಎರಡೂ ಕೈಯಿಂದ ಇಸಿದುಕೊಂಡ.